ತಂಗಿಯ ಸ್ವೆಟರಿನ ಬಣ್ಣ

ಪರದೇಶದಿಂದ ಬಂದ ವಿಡಿಯೋ ಕ್ಯಾಸೆಟ್ಟು ಹಾಕಿದರೆ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಿ ಮೇಲಕ್ಕೆ ಉರುಳುತ್ತಲೇ ಇತ್ತು. ಅಲ್ಲಿನ ಸಿಗ್ನಲ್ಲಿನ ಲೆಕ್ಕವೇ ಬೇರೆ, ಇಲ್ಲಿನದೇ ಬೇರೆ. ಸಂಜೆ ತರಗತಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ ಸೊಸೆ, ಅದನ್ನು ಇದಕ್ಕೆ ಬದಲಾಯಿಸುವ ಪೆಟ್ಟಿಗೆಯೊಂದನ್ನು ಮೂರು ವಾರ ಕೂತು ಮಾಡಿದಳು. ಒಂದೊಂದು ಬೆಸುಗೆಯನ್ನೂ ಮತ್ತೆ ಮತ್ತೆ ನೋಡಿದ್ದಳು.

ಅತ್ತೆಗೆ ಬೇಕಿದ್ದದ್ದು ಒಂದೇ. ಹನ್ನೊಂದು ವರ್ಷದ ಹಿಂದೆ ಪರದೇಶಕ್ಕೆ ಹೊರಟ ತಂಗಿ ತನ್ನ ಹಸಿರು ಸ್ವೆಟರನ್ನು ಹೊಡೆದುಕೊಂಡು ಹೋದಳೆಂದು ಅವರು ಮಾತೇ ಬಿಟ್ಟಿದ್ದರು. ಈಗ ತಂಗಿಯೇ ಸೋತು ಕಳಿಸಿದ ಕ್ಯಾಸೆಟ್ಟಿನಲ್ಲಿ ಅವಳ ಮೈಮೇಲೆ ಅದೇ ಹೆಣಿಗೆಯ ಸ್ವೆಟರು! ಅದರ ಬಣ್ಣವೊಂದು ಗೊತ್ತಾಗಬೇಕಿತ್ತು.

"ಹಸಿರಾಗಿದ್ರೆ ಅವಳ ಸಹವಾಸ ಮುಗೀತು. ಅಲ್ಲದಿದ್ರೆ ಇವತ್ತೇ ಫೋನ್ ಮಾಡ್ತೀನಿ."

ಪೆಟ್ಟಿಗೆ ಜೋಡಿಸಿದ್ದೇ ತಡ, ಉರುಳುವ ಚಿತ್ರ ನಿಂತಿತು, ಬಣ್ಣವೂ ಬಂತು. ಆದರೆ ಪೆಟ್ಟಿಗೆಯಲ್ಲಿದ್ದ, ಬಣ್ಣ ಹೊಂದಿಸುವ ನಾಬನ್ನು ಇತ್ತ ತಿರುಗಿಸಿದರೆ ಸ್ವೆಟರು ನೀಲಿ, ಅತ್ತ ತಿರುಗಿಸಿದರೆ ಹಸಿರು.

"ಹಸಿರು! ಅಲ್ಲೇ ನಿಲ್ಸು!"

"ಅತ್ತೆ, ಚಿಕ್ಕತ್ತೆ ಮುಖ ಬದನೆಕಾಯಿ ಥರ ಆಗಿದೆ."

"ಕದ್ದವಳ ಮುಖ ಇನ್ನು ಹೇಗಿರುತ್ತೆ?"

ಮಾವ ಪೇಪರಿನ ಹಿಂದಿನಿಂದಲೇ, "ನಿನ್ನ ಪೆಟ್ಟಿಗೆ ಕೋರ್ಟಿಗಿಂತ ವಾಸಿ ಕಣಮ್ಮ, ಕೇಳಿದ ತೀರ್ಪು ಕೊಡುತ್ತೆ" ಎಂದರು.

ಆ ಮಾತು ಸೊಸೆಗೆ ಚುಚ್ಚಿತು. ಚಿತ್ರವನ್ನು ನಿಲ್ಲಿಸಿ, ಟವೆಲೊಂದನ್ನು ತಂದು, ಮುಖ ಮಾತ್ರ ಕಾಣುವಂತೆ ಪರದೆಯ ಕೆಳಭಾಗ ಮುಚ್ಚಿದಳು.

"ನಾನು ಅವರನ್ನ ನೋಡೇ ಇಲ್ಲ. ನಿಮ್ಮ ತಂಗಿಯ ಮೈಬಣ್ಣ ಬರೋವರೆಗೂ ನೀವೇ ತಿರುಗಿಸಿ."

ಅತ್ತೆ ನಾಬು ಹಿಡಿದರು. "ಇಷ್ಟು ಕೆಂಪಲ್ಲ... ಇಷ್ಟು ಹಳದೀನೂ ಅಲ್ಲ... ಬಿಸಿಲಿಗೆ ಹೋದ್ರೆ ಮೂಗಿನ ತುದಿ ಮಾತ್ರ ಕೆಂಪಗಾಗ್ತಿತ್ತು, ಪಾಪ..." ದನಿ ಮೆತ್ತಗಾಗುತ್ತಾ ಹೋಯಿತು. ಕೈ ನಿಂತಿತು. "ಇದೇ. ಇವಳೇ ನಮ್ಮವಳು."

ಸೊಸೆ ಟವೆಲು ಸರಿಸಿದಳು. ಅಪ್ಪಟ ನೀಲಿ.

ಮಾವನೂ ಪೇಪರು ಇಳಿಸಿದರು.

"ಅತ್ತೆ, ನನ್ನ ಪೆಟ್ಟಿಗೇನೇ ತಪ್ಪಿರಬಹುದು..."

"ಸುಮ್ನಿರೇ. ತಿರುಗಿಸಿದ್ದು ನಾನು." ಅತ್ತೆ ಎದ್ದು ಹೋಗಿ ಫೋನು ತಿರುಗಿಸಿದರು. ಆ ಕಡೆ ಯಾರೋ ಎತ್ತಿದರು.

"ನಾನು ಕಣೇ, ಅಕ್ಕ. ಏನೇ ಇಷ್ಟು ಸೊರಗಿದ್ದೀಯ, ಹೊಟ್ಟೆಗೆ ಸರಿಯಾಗಿ ತಿನ್ನಲ್ವಾ?"