ಸೈಮನನಿಗೆ ಕೇಳದೆ ಹೋದ ಸದ್ದು

ಸೈಮನ ನಿವೃತ್ತಿಯಾಗುವ ತನಕ ಭಾಲ್ಕಿಯ ದವಾಖಾನೆಯಲ್ಲಿ ಜೀಪ್ ಓಡಿಸಿದವನು. ಗಾಡಿ ಚಾಲೂ ಮಾಡಿ ತಲೆ ತುಸು ವಾಲಿಸಿ ಕೇಳಿದನೆಂದರೆ ಅದರ ಹೊಟ್ಟೆಯೊಳಗಿನದೆಲ್ಲ ಅವನಿಗೆ ತಿಳಿಯುತ್ತಿತ್ತು. ಹಳೆಯದೊಂದು ಬಿಳಿ ಕಾರು ಕೊಂಡು ಬೀದರಿನ ನೌಬಾದದಲ್ಲಿ ಮನೆ ಮಾಡಿದ ಮೇಲೆ ಹೆಂಡತಿ ಪರ್ಲಳಿಗೂ ಗಾಡಿ ಕಲಿಸಿದ. ಅವಳು ಸಾಲಿ ಟೀಚರು, ಕಲಿಸಿದ್ದನ್ನು ಬಿಡುವವಳಲ್ಲ.

"ಮುಂಜಾನಿ ಚಾಲೂ ಮಾಡಿದಾಗ ಟಿಕ್ ಟಿಕ್ ಅಂತದಂದ್ರ ಆಯಿಲ್ ಹಳೀದಾಗ್ಯಾದ ಅಂತ ತಿಳಿ. ಸುಟ್ಟ ವಾಸನಿ ಬಂತಂದ್ರ ಇನ್ನಾ ತಡ ಮಾಡಬಾರ್ದು. ಕೆಂಪು ದೀಪ ಹತ್ತೋ ತನಕ ಕಾಯೋನು ಡ್ರೈವರ್ ಅಲ್ಲ" ಎನ್ನುತ್ತಿದ್ದ.

ಹೋದ ಚಳಿಗಾಲದಲ್ಲಿ ಆ ಟಿಕ್ ಟಿಕ್ ಮೊದಲು ಕೇಳಿದ್ದು ಪರ್ಲಳಿಗೆ. ಚರ್ಚಿಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಕೂತು, "ಆಯಿಲ್ ಬದಲಿ ಮಾಡ್ಬೇಕೇನ್ರೀ?" ಎಂದಳು.

"ಹೋದ ತಿಂಗಳ ಮಾಡೀನಲ್ಲ."

ಮತ್ತೆ ಕೆಲವು ವಾರ ಬಿಟ್ಟು ಕೇಳಿದಾಗಲೂ ಅದೇ ಮಾತು. ಮೂರನೆಯ ಸಲ ಅವನು ಸಿಟ್ಟಿಗೆದ್ದ. "ಗಾಡಿ ವಿಷಯ ನನಗ ಕಲಿಸ್ತೀಯೇನು?" ಅಂದ. ಅದುವರೆಗೆ ಅವನು ಅವಳ ಮೇಲೆ ದನಿ ಏರಿಸಿದವನೇ ಅಲ್ಲ. ಗಾಡಿಯ ಮಾತಿನಲ್ಲಿ ಅವನು ತಪ್ಪುವುದುಂಟೇ, ತನ್ನ ಕಿವಿಯೇ ಕೆಟ್ಟಿರಬೇಕು ಅಂದುಕೊಂಡಳು. ಅವನು ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕುತ್ತಿದ್ದುದನ್ನೂ, ತನ್ನ ತಂಗಿಯ ಮನೆಯ ಓಣಿ ದಾಟಿ ಮುಂದೆ ಹೋಗಿಬಿಟ್ಟದ್ದನ್ನೂ ಹಾಗೆಯೇ ಏನೋ ಒಂದು ಕಾರಣ ಹೇಳಿಕೊಂಡು ನುಂಗಿದ್ದಳು.

ಮಗಳು ಜೆಮಿಮಾ ಔರಾದದಲ್ಲಿ ನರ್ಸು. ಅವಳ ಕೂಸಿನ ದೀಕ್ಷಾಸ್ನಾನಕ್ಕೆಂದು ಇಬ್ಬರೂ ಭಾನುವಾರ ಬೆಳಿಗ್ಗೆ ಹೊರಟರು. ಜನವಾಡ ದಾಟುತ್ತಿದ್ದಂತೆ ಕಾರಿನೊಳಗೆ ಸುಟ್ಟ ವಾಸನೆ ತುಂಬಿತು. ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹತ್ತಿಕೊಂಡಿತು. ಸೈಮನ ಅದನ್ನು ನೋಡುತ್ತಲೇ ಗಾಡಿ ಓಡಿಸುತ್ತಿದ್ದ.

"ದೀಪ ಹತ್ಯಾದ್ರೀ. ನಿಲ್ಲಸ್ರೀ."

"ಯಾವ ದೀಪ?"

ಅವಳು ಅವನ ತೋಳು ಹಿಡಿದ ಮೇಲೆಯೇ ಗಾಡಿ ನಿಂತದ್ದು. ಬಾನೆಟ್ ಎತ್ತಿದವಳೂ ಅವಳೇ. ಆಯಿಲ್ ನೋಡುವ ಕಡ್ಡಿ ಎಳೆದರೆ ತುದಿಗೆ ಮಾತ್ರ ಕಾಡಿಗೆಯಂಥದ್ದೇನೋ ಮೆತ್ತಿತ್ತು. ಸೈಮನ ಅದನ್ನು ಅವಳ ಕೈಯಿಂದ ತಗೊಂಡು, ಅರಿವೆಯಿಂದ ನೀಟಾಗಿ ಒರೆಸಿದ, ಸಾವಿರ ಸಲ ಒರೆಸಿದ್ದ ಹಾಗೆಯೇ. ಆಮೇಲೆ ಇಂಜಿನ್ನಿನ ಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಕೈಯಾಡಿಸಿ ಅವಳ ಕಡೆ ತಿರುಗಿದ.

"ಪರ್ಲ, ಇದನ್ನ ಎಲ್ಲಿ ಇಡೋದು?"

ತಮಾಷೆಗೆ ಕೇಳಿದನೋ ಏನೋ ಎಂದು ಅವನ ಮುಖ ನೋಡಿದಳು. ಅವನು ಉತ್ತರಕ್ಕಾಗಿ ಕಾಯುತ್ತಿದ್ದ. ಕಡ್ಡಿ ಇಸಿದುಕೊಂಡು ತಾನೇ ಅದರ ಜಾಗಕ್ಕೆ ಸೇರಿಸಿದಳು.

ಜನವಾಡದಲ್ಲಿ ಗ್ಯಾರೇಜ್ ಇಟ್ಟಿದ್ದ ಕುತುಬೋದ್ದೀನನಿಗೆ ಫೋನ್ ಮಾಡಿದಾಗ ಅವನು ಟ್ರ್ಯಾಕ್ಟರ್ ತಂದು ಕಾರನ್ನು ಎಳೆದೊಯ್ದ. ಹರೆಯದಲ್ಲಿ ಅವನಿಗೆ ಗಾಡಿ ಕೆಲಸದ ಮೊದಲ ಪಾಠ ಹೇಳಿಕೊಟ್ಟವನು ಸೈಮನ. ಅವನ ಬಾಯಲ್ಲಿ ಸೈಮನ ಇಂದಿಗೂ 'ಉಸ್ತಾದ'. ಕೆಳಗಿನ ಬೋಲ್ಟ್ ಬಿಚ್ಚಿದಾಗ ಕಾಕಂಬಿಯಂಥ ಕಪ್ಪು ಆಯಿಲ್ ಸ್ವಲ್ಪ ಸ್ವಲ್ಪವೇ ಇಳಿಯಿತು.

"ಉಸ್ತಾದ, ಇದು ಬದಲಿ ಮಾಡಿ ಎರಡ ವರ್ಷರೆ ಆಗಿರ್ಬೇಕು..."

"ಹೋದ ತಿಂಗಳ ಬದಲಿ ಮಾಡೀನಿ" ಎಂದ ಸೈಮನ.

ಕುತುಬೋದ್ದೀನ ತಲೆಯೆತ್ತಿ ಪರ್ಲಳನ್ನು ನೋಡಿದ. ಅವಳು ಮುಖ ತಿರುಗಿಸಿ ರಸ್ತೆಯ ಕಡೆ ನೋಡುತ್ತ ನಿಂತಳು.

"ಹೌದ್ರೀ ಉಸ್ತಾದ" ಅಂದ ಅವನು ಮೆಲ್ಲಗೆ. "ಆಯಿಲೇ ಖರಾಬ ಇತ್ತು ಕಾಣಸ್ತದ. ಈಗಿನ ಮಾಲಿಗಿ ಭರೋಸಾ ಇಲ್ರೀ."

ಹೊಸ ಆಯಿಲ್ ಹಾಕಿ ಚಾಲೂ ಮಾಡಿದಾಗ ಇಂಜಿನ್ ಉಳಿದಿತ್ತು. ಸೈಮನ ಡ್ರೈವರ್ ಬಾಗಿಲಿಗೆ ಕೈ ಹಾಕಿದ. ಪರ್ಲ ಅಡ್ಡ ಬಂದಳು.

"ನಾ ಹೊಡೀತೇನ್ರೀ."

"ಯಾಕ? ನಾ ಇದ್ದೇನಲ್ಲ."

"ನಿಮಗ ದಣಿವಾಗ್ಯಾದ."

ಅವನು ಚಾವಿ ಅವಳ ಅಂಗೈಯಲ್ಲಿಟ್ಟು ಆ ಕಡೆ ಹೋಗಿ ಕೂತ. ಸಂತಪೂರ ಬಂದಾಗ, ಎಲ್ಲಿಗೆ ಹೊಂಟೀವಿ ಎಂದು ಕೇಳಿದ. ಹೇಳಿದಳು. "ಜೆಮಿಮಾಗ ಕೂಸಾತಾ? ನನಗ ಯಾಕ ಹೇಳಲಿಲ್ಲ?" ಎಂದ; ಅವನ ಮುಖ ಅರಳಿತು. ಅವಳಿಗೆ ರಸ್ತೆ ಮಂಜುಮಂಜಾಗಿ ಕಂಡಿತು.

ಔರಾದಕ್ಕೆ ಮುಟ್ಟುವ ಹೊತ್ತಿಗೆ ಚರ್ಚಿನಲ್ಲಿ ಪ್ರಾರ್ಥನೆ ಮುಗಿದಿತ್ತು. ಮನೆಯಲ್ಲಿ ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ ಜೆಮಿಮಾ ಅಡಿಗೆಮನೆಗೆ ಬಂದಳು. ಪರ್ಲ ಒಲೆಯ ಮೇಲೆ ಹಾಲಿಡುತ್ತಿದ್ದಳು.

"ನನಗ ಗೊತ್ತದ ಅವ್ವಾ" ಎಂದಳು ಮಗಳೇ. "ಫೋನ್ ಮಾಡಿದಾಗೆಲ್ಲ ಅಪ್ಪ ಕೂಸಿನ ಹೆಸರ ಕೇಳ್ತಾನ. ನಿನಗ ಹ್ಯಾಂಗ ಹೇಳ್ಲಿ ಅಂತ ಕುಂತಿದ್ದೆ." ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಿಂತಿದ್ದರು.

ತಿರುಗಿ ಬರುವಾಗ ಸೈಮನನ ಬುದ್ಧಿ ತಿಳಿಯಾಗಿತ್ತು.

"ಗಾಡಿ ನಾ ಹಾಳ ಮಾಡಿದ್ನೇನು?"

"ಇಲ್ರೀ."

"ಸುಳ್ಳ ಹೇಳಬ್ಯಾಡ ಪರ್ಲ. ನನಗೇನೋ ಆಗ್ಲಕತ್ತದ. ಅಂಜಿಕಿ ಬರ್ತದ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಅವನ ಅಳು ನಿಲ್ಲುವ ತನಕ ಬೆನ್ನು ಸವರುತ್ತ ಕೂತಳು.

ಡಾಕ್ಟರು ರೋಗಕ್ಕೆ ಹೆಸರು ಹೇಳಿದ್ದು, ಗುಳಿಗೆ ಬರೆದುಕೊಟ್ಟದ್ದು ಆಮೇಲಿನ ಮಾತು. ಗುಳಿಗೆಯಿಂದ ಏನೂ ನಿಲ್ಲಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸೈಮನ ತಾನಿನ್ನೂ ಭಾಲ್ಕಿಯ ದವಾಖಾನೆಯಲ್ಲೇ ಕೆಲಸದಲ್ಲಿದ್ದೇನೆಂದು ತಿಳಿಯತೊಡಗಿದ. ಪರ್ಲ ಊಟದ ತಾಟು ತಂದಿಟ್ಟರೆ ತಲೆಬಾಗಿ ಮರ್ಯಾದೆಯಿಂದ, "ನಮ್ಮ ಮನಿಯಾಕಿ ದಾರಿ ನೋಡ್ತಿರ್ತಾಳ್ರೀ ಸಿಸ್ಟರ್, ನಾ ಯಾವಾಗ ಹೋಗ್ಲಿ?" ಎನ್ನುತ್ತಾನೆ.

"ಉಂಡು ಹೋಗ್ರೀ" ಎನ್ನುತ್ತಾಳೆ ಅವಳು.