ಹೊಟ್ಟೆಯಲ್ಲಿರದ ಹೊಟ್ಟೆನೋವು

“ಬಾಯಿ ತೆಗೀರಿ, ಇದೊಂದು ಲೋಟ ಕುಡೀರಿ” ಎನ್ನುತ್ತ ಸಂಗಮ್ಮ ಓಂಕಾಳಿನ ಕಷಾಯವನ್ನು ಗಂಡನ ತುಟಿಗೆ ಹಿಡಿದಳು. ಗಾದಿಲಿಂಗಪ್ಪ ಕಣ್ಣು ಮುಚ್ಚಿ ನುಂಗಿದ.

ಹೊಟ್ಟೆನೋವು ಎಂದು ಅವನೇ ಹೇಳಿದ್ದ. ನೋವಿದ್ದದ್ದು ಬೇರೆ ಕಡೆ. ಬೆಳಿಗ್ಗೆ ಸ್ನಾನದಲ್ಲಿ ಗುಪ್ತಾಂಗದ ಮುಂದೊಗಲನ್ನು ಹಿಂದಕ್ಕೆ ಸರಿಸಿ ತೊಳೆದವನು ಮುಂದಕ್ಕೆ ತರಲು ಮರೆತಿದ್ದ. ಈಗ ತೊಗಲು ಬಳೆಯಂತೆ ಬಿಗಿದು, ತುದಿ ಬಾತುಕೊಂಡು, ಧೋತರ ತಾಗಿದರೂ ಜೀವ ಹೋಗುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಅವನು ಅಂಗಳಕ್ಕೆ ಬಂದಾಗ ನೆರೆಮನೆಯ ಹನುಮಣ್ಣ ನಡಿಗೆಯನ್ನೇ ನೋಡಿದ.

“ಲೇ ಗಾದಿ, ಹೊಟ್ಟಿ ನೋಯೋನು ಬಗ್ಗಿ ನಡೀತಾನ. ನೀನ್ಯಾಕ ಕುದುರಿ ಇಳಿದ ತಾಸೀಲ್ದಾರ್ ಹಂಗ ಕಾಲಗಲಿಸಿ ನಡೀತಿ?”

ಗಾದಿಲಿಂಗಪ್ಪ ಅವನ ಕಿವಿಯಲ್ಲಿ ಉಸುರಿದ. ಹನುಮಣ್ಣ ನಗಲಿಲ್ಲ.

“ಬಂಡಿ ಹತ್ತು. ಹೊಸಪೇಟಿ ದವಾಖಾನಿಗೆ ಹೋಗೂಣು.”

“ನಾಚಿಕಿ ಆಗತೈತಿ. ನಾಕು ದಿನ ಬಿಟ್ರ ಇಳೀತೈತಿ.”

“ಬೆರಳಿಗೆ ದಾರ ಬಿಗಿದು ನೋಡು, ಕಪ್ಪಾಗತೈತೋ ಇಲ್ಲೋ. ನಾಕು ದಿನ ಬಿಟ್ರ ನಾಚಾಕ ಏನೂ ಉಳಿಯಾಂಗಿಲ್ಲ.”

ದವಾಖಾನೆಯಲ್ಲಿ ಡಾಕ್ಟರು, “ಎಲ್ಲಿ ನೋವು?” ಎಂದರು.

“ಹೊಟ್ಟೀರಿ.”

ಕಂಪೌಂಡರು ಹರಳೆಣ್ಣೆ ಬಾಟಲಿಗೆ ಕೈ ಹಾಕಿದ. ಹನುಮಣ್ಣ ಕೆಮ್ಮಿದ.

“ಹೊಟ್ಟಿ ಕೆಳಗ್ರಿ” ಎಂದ ಗಾದಿಲಿಂಗಪ್ಪ.

“ಇನ್ನೂ ಕೆಳಗ್ರಿ” ಎಂದ ಹನುಮಣ್ಣ.

ಡಾಕ್ಟರು ಉಳಿದವರನ್ನು ಹೊರಗೆ ಕಳಿಸಿದರು. ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತಿ, ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಒತ್ತುತ್ತ ಕುಳಿತರು. ಬಾವು ಇಳಿದ ಮೇಲೆ ಹೆಬ್ಬೆರಳುಗಳಿಂದ ತುದಿಯನ್ನು ಒಳಕ್ಕೆ ಒತ್ತಿ, ತೊಗಲನ್ನು ಮುಂದಕ್ಕೆ ತಂದರು. ಗಾದಿಲಿಂಗಪ್ಪನ ಉಸಿರು ಒಂದು ಕ್ಷಣ ಕಟ್ಟಿತು. ಆಮೇಲೆ ಬೆಳಗಿನಿಂದ ಬಿಗಿಹಿಡಿದಿದ್ದ ಮೈಯೆಲ್ಲ ಸಡಿಲವಾಯಿತು. ಕಣ್ಣಲ್ಲಿ ನೀರು ಬಂತು.

“ಹೊತ್ತಿಗೆ ಸರಿಯಾಗಿ ಬಂದ್ರಿ” ಎಂದರು ಡಾಕ್ಟರು. “ತಡ ಆಗಿದ್ರ ರಕ್ತ ಹರೀದೆ ತುದಿ ಕೊಳೀತಿತ್ತು. ಕೈಲಿ ಆಗದಿದ್ರ ಬಿಗಿದ ತೊಗಲು ಕೊಯ್ಯಬೇಕಾಗತಿತ್ತು. ತೊಳೆದ ಮ್ಯಾಲ ತೊಗಲು ಮುಂದಕ್ಕ ತರೋದು ಮರೀಬ್ಯಾಡ್ರಿ.”

ಇದನ್ನು ಓದುವ, ಕೇಳುವ ಅಣ್ಣತಮ್ಮಂದಿರೇ, ನಿಮಗೂ ಹೀಗಾದರೆ ಸೊಪ್ಪು ಅರೆದು ಕಟ್ಟಬೇಡಿ, ಮುಳ್ಳು ಚುಚ್ಚಬೇಡಿ, ನಾಳೆ ನೋಡೋಣ ಎನ್ನಬೇಡಿ. ಆ ಗಳಿಗೆಯಲ್ಲೇ ದವಾಖಾನೆಗೆ ಹೊರಡಿ. ಅಲ್ಲಿ ನೋವು ಎಲ್ಲಿದೆಯೋ ಅದನ್ನೇ ಹೇಳಿ. ಡಾಕ್ಟರಿಗೆ ಅದೂ ಮೈಯ ಒಂದು ಭಾಗ, ಅಷ್ಟೆ.

ಸಂಜೆ ಗಾದಿಲಿಂಗಪ್ಪ ಬಂಡಿಯಿಂದ ಇಳಿದು ನೆಟ್ಟಗೆ ನಡೆದು ಒಳಗೆ ಬಂದ. ಸಂಗಮ್ಮ ಅವನ ಮುಖ ನೋಡಿ ಹಗುರಾದಳು. ಆದರೂ ಒಲೆಯ ಮೇಲಿನ ಕಷಾಯ ಬಗ್ಗಿಸಿ ತಂದಳು.

“ನೋವು ಹೋದ್ರೂ ಇದೊಂದು ಲೋಟ ಕುಡೀರಿ. ಹೊಟ್ಟಿಗೆ ಒಳ್ಳೇದು.”

“ನೋವು ಹೊಟ್ಟ್ಯಾಗ ಇದ್ದಿಲ್ಲ. ಕುಂದ್ರು, ಎಲ್ಲಾ ಹೇಳ್ತೀನಿ” ಎಂದ ಗಾದಿಲಿಂಗಪ್ಪ, ಲೋಟವನ್ನು ಆಚೆ ಸರಿಸುತ್ತ. “ಅದನ್ನ ಮಾತ್ರ ಒಲ್ಲೆ.”