ರೂತಳಿಗೆ ಬಡಿಸುವ ಎಲೆ

ಆಟಿ ತಿಂಗಳು ಬಂತೆಂದರೆ ನನಗೆ ರೂತಳ ಮೇಲೆ ಹೊಟ್ಟೆಕಿಚ್ಚು ಶುರು. ಅವಳ ಮುಖ ನಾನು ನೋಡಿದವಳೇ ಅಲ್ಲ. ಸತ್ತವರಿಗೆ ಅಗೆಲು ಬಡಿಸುವ ದಿನ ಅಮ್ಮ ಅಜ್ಜ ಚನಿಯನಿಗೊಂದು, ಅಪ್ಪನಿಗೊಂದು ಬಾಳೆಲೆ ಹಾಕಿ, ಮೂರನೆಯದನ್ನು ಆ ಯೆಹೂದಿ ಹುಡುಗಿಗೆ ಹಾಕುತ್ತಿದ್ದಳು. ಕೋಳಿಯ ದೊಡ್ಡ ಕಾಲು ಅದಕ್ಕೇ. ಸತ್ತವರು ಬಂದು ಉಣ್ಣಲೆಂದು ಮುಚ್ಚಿದ ಬಾಗಿಲು ತೆರೆದ ಮೇಲೆ ಉಳಿದ ಎಲೆಗಳದ್ದನ್ನು ನಮಗೆ ಹಂಚುವವಳು, ಅದನ್ನು ಮಾತ್ರ ತಾನೇ ತಿನ್ನುತ್ತಿದ್ದಳು. ಹೆತ್ತ ಮಗಳು ನಾನು ಬಾಯಿ ಬಿಟ್ಟುಕೊಂಡು ನೋಡಬೇಕು!

ಅಜ್ಜ, ಅಂದರೆ ಅಮ್ಮನ ಅಪ್ಪ, ಮುಂಬಯಿಯಲ್ಲಿ ಜರ್ಮನಿಯಿಂದ ಜೀವ ಉಳಿಸಿಕೊಂಡು ಬಂದ ದಂಪತಿಯ ಮನೆಯ ಅಡುಗೆಯವ. ಯುದ್ಧ ಶುರುವಾದಾಗ, ಜರ್ಮನ್ ಪಾಸ್‌ಪೋರ್ಟಿನವರೆಂದು ಬ್ರಿಟಿಷರ ಪೊಲೀಸರು ಗಂಡಹೆಂಡತಿಯನ್ನು ಹಿಡಿದೊಯ್ದರು. ಅಜ್ಜ ಅವರ ಮಗಳು ರೂತಳನ್ನು ಪರೇಲಿನ ತನ್ನ ಕೋಣೆಗೆ ತಂದು, ತಲೆಗೆ ಎಣ್ಣೆ ಹಚ್ಚಿ, ಲಂಗ ತೊಡಿಸಿ, ಕೇಳಿದವರಿಗೆಲ್ಲ ‘ನನ್ನ ಮಗಳು’ ಎಂದ. ಯುದ್ಧ ಮುಗಿದ ಮೇಲೆ ಹಡಗು ಹತ್ತಿದವಳ ಸುದ್ದಿಯೇ ಇಲ್ಲ. ಸತ್ತಳೆಂದೇ ಅಮ್ಮನ ತೀರ್ಮಾನ.

ಎರಡು ಸಾವಿರದ ಐದರಲ್ಲಿ ಅಮ್ಮ ದೋಹಾಕ್ಕೆ, ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿಗೆ ಬಂದಳು. ಆಟಿ ಬಂತು. ನಾನು ಮಲಯಾಳಿ ಅಂಗಡಿಯಿಂದ ಬೇಕೆಂದೇ ಎರಡೇ ಎಲೆ ತಂದೆ.

“ಇನ್ನೊಂದು ಎಲ್ಲುಂಟು ಲೀಲಾಕ್ಷಿ?”

“ಖಲಾಸ್. ನಿನ್ನ ಮುದ್ದಿನ ರೂತಳಿಗೆ ಈ ಸಲ ಉಪವಾಸ.”

“ಎಂತ ಮುದ್ದು?” ಅಮ್ಮ ಕುರ್ಚಿಯಲ್ಲಿ ಕುಸಿದಳು. “ಅಪ್ಪನಿಗೆ ಒಬ್ಬಳೇ ಮಗಳು ಅಂತ ಎಲ್ಲ ಕಡೆ ಬರೆಸಿತ್ತು. ಇಬ್ಬರು ಕಂಡ್ರೆ ಅನುಮಾನ ಬರ್ತದೆ ಅಂತ ನನ್ನನ್ನು ಊರಿಗೆ ಕಳಿಸಿದ್ರು. ನನ್ನ ಚಾಪೆ, ನನ್ನ ಲಂಗ, ನನ್ನ ಹೆಸರು, ಎಲ್ಲ ಅವಳಿಗೆ. ನಾನು ಮಾಮಿ ಮನೆಯಲ್ಲಿ ಸೆಗಣಿ ಬಾಚ್ತಾ ಇದ್ದೆ. ಅವಳು ಸಾಯ್ಲಿ ಅಂತ ದಿನಾ ದೈವಕ್ಕೆ ಕೈ ಮುಗಿದಿದ್ದೇನೆ ಮಾರಾಯ್ತಿ. ಆಮೇಲೆ ಅವಳ ಕಾಗದವೇ ಬರ್ಲಿಲ್ಲ. ನಾನೇ ಕೊಂದ ಹಾಗಾಯ್ತಲ್ಲ?”

ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಪ್ರೀತಿಯೋ ಭಯವೋ, ಅಮ್ಮನ ಎದೆಯಲ್ಲಿ ಇಷ್ಟು ವರ್ಷ ಬಿಡಾರ ಹೂಡಿದವಳು ಅವಳೇ ತಾನೆ?

“ಅವಳೆಲ್ಲಿ ಸಾಯ್ತಾಳೆ! ಎಲ್ಲೋ ಮೊಮ್ಮಕ್ಕಳ ಜೊತೆ ಹಾಯಾಗಿರ್ತಾಳೆ. ನಿನ್ನನ್ನು ಮರೆತೇಬಿಟ್ಟಿರ್ತಾಳೆ,” ಎಂದು ಚುಚ್ಚಿದೆ.

ಅಳುತ್ತಾಳೆಂದುಕೊಂಡೆ. ಅಮ್ಮನ ಮುಖ ಅರಳಿತು.

“ಹೌದಾ? ಮರೆತದ್ದಾ? ಅದಕ್ಕೇ ಕಾಗದ ಹಾಕದ್ದಾ?”

ಬದುಕಿರುವವರಿಗೆ ಅಗೆಲು ಬಡಿಸಬಾರದು. ಎರಡೇ ಎಲೆ ಬಡಿಸಿ ಬಾಗಿಲು ಮುಚ್ಚಿದೆವು. ತೆರೆದ ಮೇಲೆ ಅಮ್ಮ ಪಾತ್ರೆಯಿಂದ ದೊಡ್ಡ ಕಾಲನ್ನು ಹುಡುಕಿ ತೆಗೆದು ನನ್ನ ತಟ್ಟೆಗೆ ಹಾಕಿ, ಎದುರಿಗೇ ಕೂತಳು.

“ಇನ್ನೊಮ್ಮೆ ಹೇಳು.”

“ಮರೆತಿದ್ದಾಳೆ ಅಮ್ಮ. ನಿನ್ನ ನೆನಪೇ ಇಲ್ಲ ಅವಳಿಗೆ.”

ಅಮ್ಮ ನಕ್ಕಳು. ಅಷ್ಟು ಹಗುರವಾಗಿ ಅವಳು ನಕ್ಕಿದ್ದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಆ ನಗುವೂ ರೂತಳದೇ.